ಚದುರಂಗವೂ ನಮ್ಮ ಕ್ರೀಡಾಪುಟಗಳೂ

2024ನೆಯ ಇಸವಿ ಡಿಸೆಂಬರ್ 12ನೆಯ ತಾರೀಖು ಸಿಂಗಪುರದಲ್ಲಿ ಹದಿನೆಂಟು ವರ್ಷದ ತರುಣ ಗುಕೇಶನು ಚೀನಾ ದೇಶದ ಡಿಂಗ್ ಲಿರೆನ್ನನನ್ನು ಏಳೂವರೆಗೆ ಆರೂವರೆ ಅಂಕಗಳಿಂದ ಗೆದ್ದು ಚದುರಂಗದ ಜಗಜ್ಜೇತನಾದ ಸಂಗತಿಯು ವಾಚಕ ಮಹಾಶಯರ ನೆನಪಿನಲ್ಲಿ ಇನ್ನೂ ಹಸಿಯಾಗಿಯೇ ಇರಬಹುದು. ಮರುದಿನ ಬೆಳಿಗ್ಗೆ ದೇಶದ ಯಾವ ಪತ್ರಿಕೆಯನ್ನು ಬಿಡಿಸಿದರೂ ಆ ಹುಡುಗನ ಮುಖವೇ. ಗೆದ್ದೊಡನೆ ಅವನು ಕಣ್ಣೀರಿಟ್ಟದ್ದು, ವೈದ್ಯರಾದ ತಂದೆಯವರು ಮಗನಿಗಾಗಿ ವೃತ್ತಿಯನ್ನು ಬದಿಗಿಟ್ಟದ್ದು, ಬಹುಮಾನದ ಹಣವು ಹನ್ನೊಂದು ಕೋಟಿ ರೂಪಾಯಿಗಳನ್ನು ಮೀರಿದ್ದು, ಯಾವ ಮಂತ್ರಿಗಳು ಯಾವ ಮಾತಿನಿಂದ ಅಭಿನಂದಿಸಿದರೆಂಬುದು, ಇವೆಲ್ಲವೂ ವಿಸ್ತಾರವಾಗಿ ಅಚ್ಚಾಗಿದ್ದವು. ವಾರ ಕಳೆದ ಮೇಲೆ ಹೊರಟ ಕ್ರೀಡಾಪತ್ರಿಕೆಗಳಲ್ಲಿಯೂ ಬಣ್ಣದ ಭಾವಚಿತ್ರಗಳಿಗೆ ಕೊರತೆಯಿರಲಿಲ್ಲ. ಆದರೆ ಅವನು ಗೆದ್ದದ್ದು ಹೇಗೆ? ಈ ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕಿದ ಸಾಮಾನ್ಯ ಕನ್ನಡಿಗನಿಗೆ, ಎದುರಾಳಿಯು ಕೊನೆಯ ಘಳಿಗೆಯಲ್ಲಿ ಒಂದು ತಪ್ಪು ಮಾಡಿದನೆಂಬ ಒಂದು ವಾಕ್ಯದಿಂದಾಚೆಗೆ ಹೆಚ್ಚೇನೂ ದೊರೆಯಲಿಲ್ಲ.

ಆ ತಪ್ಪಾದರೂ ಸಾಮಾನ್ಯನಿಗೆ ತಿಳಿಯಲಾರದಷ್ಟು ಗಹನವಾದುದೇನಲ್ಲ. ಹದಿನಾಲ್ಕನೆಯದೂ ಕೊನೆಯದೂ ಆದ ಆ ಆಟಕ್ಕೆ ಮೊದಲು ಉಭಯರೂ ಅಂಕಗಳಲ್ಲಿ ಸಮನಾಗಿದ್ದರು. ಅದೂ ಸಮವಾಗಿ ಮುಗಿದಿದ್ದರೆ ಮರುದಿನ ಶೀಘ್ರಗತಿಯ ಆಟಗಳಿಂದ ನಿರ್ಣಯವಾಗಬೇಕಾಗಿತ್ತು. ಐವತ್ತನಾಲ್ಕು ನಡೆಗಳು ಮುಗಿದಾಗ ಇಬ್ಬರ ಬಳಿಯಲ್ಲಿಯೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದವು. ಕಪ್ಪು ಕಾಯಿಗಳ ಗುಕೇಶನಿಗೆ ಒಂದು ಕಾಲಾಳು ಮಾತ್ರ ಹೆಚ್ಚು. ಆನೆ ಒಂಟೆಗಳು ಫಲಕದ ಮೇಲೆ ಇರುವವರೆಗೆ ಈ ಒಂದು ಕಾಲಾಳಿನ ಬಲದಿಂದ ಗೆಲ್ಲುವ ಹಾಗಿರಲಿಲ್ಲ. ಅವೆರಡೂ ಬದಲಾಗಿ ಬರಿಯ ರಾಜರೂ ಕಾಲಾಳುಗಳೂ ಉಳಿದರೆ ಗೆಲುವು ನಿಶ್ಚಿತ. ಡಿಂಗನ ಒಂಟೆಯು ಫಲಕದ ಒಂದು ಮೂಲೆಯಲ್ಲಿ ನಿಂತಿತ್ತು. 55ನೆಯ ನಡೆಯಲ್ಲಿ ಅವನು ತನ್ನ ಆನೆಯನ್ನು ಎಫ್ ಸಾಲಿನ 2ನೆಯ ಮನೆಗೆ ತಂದನು. ಗುಕೇಶನು ಆನೆಗೆ ಆನೆಯನ್ನು ಕೊಟ್ಟು, ಮರುನಡೆಯಲ್ಲಿಯೇ ತನ್ನ ಒಂಟೆಯನ್ನು ಆ ಮೂಲೆಯ ಒಂಟೆಗೆ ಎದುರಾಗಿ, ತನ್ನ ರಾಜನ ಆಸರೆಯಲ್ಲಿ ನಿಲ್ಲಿಸಿದನು. ಮೂಲೆಯಲ್ಲಿದ್ದುದಕ್ಕೆ ಇದ್ದದ್ದು ಒಂದೇ ಓಣಿ; ಆ ಓಣಿಯಲ್ಲಿ ಶತ್ರುವು ನಿಂತಿದ್ದಾನೆ. ಒಂಟೆಗೆ ಒಂಟೆಯನ್ನು ಕೊಡದೆ ಗತಿಯಿಲ್ಲ. 58ನೆಯ ನಡೆಗೆ ಡಿಂಗನು ಸೋಲೊಪ್ಪಿಕೊಂಡನು.

ಇಷ್ಟನ್ನು ಹೇಳಲು ನಮಗೆ ಅಂಗೈಯಗಲದ ಸ್ಥಳ ಸಾಕಾಯಿತು. ಜೊತೆಗೆ ಒಂದು ಚಿಕ್ಕ ಫಲಕದ ಚಿತ್ರವಿದ್ದಿದ್ದರೆ, ಕಾಯಿಗಳ ನಡೆಯನ್ನು ಮಾತ್ರ ಬಲ್ಲ ಹತ್ತು ವರ್ಷದ ಬಾಲಕನೂ ಊಟದ ಮೇಜಿನ ಮೇಲೆ ಕಾಯಿಗಳನ್ನು ಜೋಡಿಸಿಕೊಂಡು ಜಗಜ್ಜೇತನ ಕೊನೆಯ ನಾಲ್ಕು ನಡೆಗಳನ್ನು ತಾನೇ ನಡೆಸಿ ನೋಡಬಹುದಾಗಿತ್ತು. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಪತ್ರಿಕೆಗಳು ಚದುರಂಗವನ್ನು ಕಡೆಗಣಿಸುತ್ತಿವೆಯೆಂದು ಈಗ ಯಾರೂ ಹೇಳಲಾರರು; ಬಹುಮಾನ ಬಂದಾಗ ಅವು ಹಾರವನ್ನು ಹಿಡಿದುಕೊಂಡು ಮುಂದೆಯೇ ನಿಲ್ಲುತ್ತವೆ. ಆಟಗಾರನನ್ನು ಅಚ್ಚಿಸಿ ಆಟವನ್ನು ಬಿಟ್ಟುಬಿಡುವುದೇ ಅವುಗಳ ರೂಢಿಯಾಗಿರುವುದು.

ಚದುರಂಗದ ವಿಷಯದಲ್ಲಿ ಈ ರೂಢಿಯು ಬೇರೆ ಯಾವ ಕ್ರೀಡೆಯ ವಿಷಯಕ್ಕಿಂತಲೂ ಹೆಚ್ಚು ವಿಚಿತ್ರವಾದುದು. ಕ್ರಿಕೆಟ್ ಪಂದ್ಯದಲ್ಲಿ ವಿಶ್ವನಾಥರು ಚೆಂಡನ್ನು ಕತ್ತರಿಸಿ ಹೊಡೆಯುತ್ತಿದ್ದ ಸೊಗಸನ್ನು ಎಷ್ಟು ನಿಪುಣನಾದ ವರದಿಗಾರನೂ ಕಾಗದದ ಮೇಲೆ ತರಲಾರನು. ತಂದರೂ ಅದು ಅದರ ನೆರಳು. ಓಟಗಾರನ ಓಟವೂ ಹಾಗೆಯೇ, ಮಲ್ಲನ ಪಟ್ಟೂ ಹಾಗೆಯೇ. ಚದುರಂಗವಾದರೋ ಹಾಗಲ್ಲ. ನಡೆಗಳ ಪಟ್ಟಿಯನ್ನು ಅಚ್ಚಿಸಿದರೆ ಆಟವನ್ನೇ ಅಚ್ಚಿಸಿದಂತೆ. ಆಡಿದವರು ಕಂಡದ್ದಕ್ಕಿಂತ ಒಂದು ಕೂದಲಷ್ಟು ಕಡಮೆಯಿಲ್ಲದಂತೆ ಅದು ಓದುವವನ ಕೈಸೇರುತ್ತದೆ. ನೂರು ವರ್ಷ ಕಳೆದರೂ ಬಾಡುವುದಿಲ್ಲ. ಮುದ್ರಣಾಲಯವು ಪೂರ್ಣವಾಗಿ ಸೆರೆಹಿಡಿಯಬಲ್ಲ ಕ್ರೀಡೆ ಇದೊಂದೇ. ಹಾಗಿದ್ದೂ ಮುದ್ರಣಾಲಯದ ಒಡೆಯರಾದ ನಮ್ಮ ವೃತ್ತಿಬಾಂಧವರು ಇದಕ್ಕೆ ಕೊಡುವ ಜಾಗವು ಕುದುರೆಪಂದ್ಯದ ಪಟ್ಟಿಗೆ ಕೊಡುವುದಕ್ಕಿಂತಲೂ ಕಡಮೆ.

ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ತಿಳಿಯಲಾಗದು. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್ ಮರ್ಕ್ಯುರಿ ಎಂಬ ಪತ್ರಿಕೆಯು 1813ರಷ್ಟು ಹಿಂದೆಯೇ ಚದುರಂಗಕ್ಕೆ ಒಂದು ಅಂಕಣವನ್ನು ತೆರೆಯಿತು. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯಲ್ಲಿ ಹೊವರ್ಡ್ ಸ್ಟಾಂಟನ್ನರು 1845ರಿಂದ 1874ರಲ್ಲಿ ತೀರಿಕೊಳ್ಳುವವರೆಗೂ ವಾರ ತಪ್ಪದೆ ಬರೆದರು. ಅದನ್ನು ಓದಿ ಆಟ ಕಲಿತವರ ಒಂದು ಪೀಳಿಗೆಯೇ ಆ ದೇಶದಲ್ಲಿದ್ದಿತು. ಗಾರ್ಡಿಯನ್ ಪತ್ರಿಕೆಯಲ್ಲಿ ಲಿಯೊನಾರ್ಡ್ ಬಾರ್ಡನ್ನರು 1955ರಲ್ಲಿ ಆರಂಭಿಸಿದ ಅಂಕಣವು ಏಳು ದಶಕಗಳ ಹತ್ತಿರಕ್ಕೆ ನಡೆದದ್ದು ಪತ್ರಿಕಾವೃತ್ತಿಯಲ್ಲಿಯೇ ಒಂದು ಅದ್ಭುತ. ಸೋವಿಯತ್ ದೇಶದಲ್ಲಿ ಫಲಕದ ಮನೆಗಳ ಸಂಖ್ಯೆಯಾದ 64 ಎಂಬುದನ್ನೇ ಹೆಸರಾಗಿ ಇಟ್ಟುಕೊಂಡ ಪತ್ರಿಕೆಯಿತ್ತು. 1972ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ಫಿಷರನೂ ಸ್ಪಾಸ್ಕಿಯೂ ಸೆಣಸಿದಾಗ ಲೋಕದ ವೃತ್ತಪತ್ರಗಳೆಲ್ಲ ನಡೆಗಳನ್ನು ದಿನದಿನವೂ ತಂತಿಯಲ್ಲಿ ತರಿಸಿ ಅಚ್ಚಿಸಿದವು. ಮೈಕಟ್ಟಿನ ಕ್ರೀಡೆಗಳಿಗೇ ಮೀಸಲಾದ ಅಮೆರಿಕದ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯು ಆ ವರ್ಷದ ಆಗಸ್ಟ್ ತಿಂಗಳಲ್ಲಿ ಫಿಷರನನ್ನು ಮುಖಪುಟಕ್ಕೆ ತಂದಿತು. ಆ ಉತ್ಸಾಹವು ಮುಂದೆ ಇಳಿದುದೂ ನಿಜ. ಅರ್ಧಶತಮಾನಕ್ಕೂ ಹೆಚ್ಚು ಕಾಲ ಚದುರಂಗಕ್ಕೆ ಅಂಕಣವನ್ನು ಇರಿಸಿಕೊಂಡಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 2014ರ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಅಲ್ಲಿ ಕಲಿಯುವವನಿಗೆ ಬೇರೆ ದಾರಿಗಳು ಸಾವಿರ ಇರುವುದರಿಂದ ಅದು ಆ ದೇಶದ ಮಾತು. ಅವರು ಇಟ್ಟು ತೆಗೆದರು. ನಾವಾದರೋ ಇಡುವುದಕ್ಕೆ ಮೊದಲೇ ತೆಗೆದಿರುವೆವು.

ನಮ್ಮ ದೇಶದ ಇಂಗ್ಲಿಷ್ ಕ್ರೀಡಾವಾರಪತ್ರಿಕೆಗಳ ಕಥೆಯನ್ನು ಬಹಳ ಹೇಳಬೇಕಾದುದಿಲ್ಲ. ಮುಂಬಯಿಯ ಸ್ಪೋರ್ಟ್ಸ್‌ವೀಕ್, ಕಲ್ಕತ್ತೆಯ ಸ್ಪೋರ್ಟ್ಸ್‌ವರ್ಲ್ಡ್, 1978ರಲ್ಲಿ ಮದರಾಸಿನಿಂದ ಹೊರಟ ಸ್ಪೋರ್ಟ್‌ಸ್ಟಾರ್, ಇವುಗಳಿಗಾಗಿ ರಾಜಾಜಿನಗರದ ಪತ್ರಿಕೆಯಂಗಡಿಗಳ ಮುಂದೆ ಕಾದು ನಿಂತ ತರುಣರು ಈಗ ತಲೆನರೆತವರಾಗಿರುವರು. ನಡುಪುಟದ ಬಣ್ಣದ ಚಿತ್ರವನ್ನು ಬಿಚ್ಚಿ ಕ್ಷೌರದಂಗಡಿಯ ಗೋಡೆಗೆ ಅಂಟಿಸುತ್ತಿದ್ದ ಕಾಲವದು. ಆ ಗೋಡೆಯ ಮೇಲೆ ಗವಾಸ್ಕರರೂ ಕಪಿಲದೇವರೂ ಇದ್ದರು, ಚದುರಂಗದವನನ್ನು ನಾವು ಕಾಣಲಿಲ್ಲ. ಆ ಪೈಕಿ ಮದರಾಸಿನ ಪತ್ರಿಕೆಯು ಚದುರಂಗಕ್ಕೆ ಇತರರಿಗಿಂತ ಹೆಚ್ಚು ಎಡೆಗೊಟ್ಟಿತೆಂಬುದನ್ನು ಒಪ್ಪಬೇಕು. ಅದಕ್ಕೆ ಕಾರಣವೂ ಇತ್ತು. ಅದನ್ನು ಮುಂದೆ ಹೇಳುವೆವು.

ಚದುರಂಗವೆಂದರೆ ನಮ್ಮ ಸಾಹಿತ್ಯಾಭಿಮಾನಿಗಳಿಗೆ ಮೊದಲು ನೆನಪಾಗುವುದು ಆ ಕಾವ್ಯನಾಮವನ್ನು ಧರಿಸಿದ್ದ ಸುಬ್ರಹ್ಮಣ್ಯರಾಜೇ ಅರಸರು. ಅದು ಸಹಜವೇ. ಆದರೆ ಆಟದ ಚದುರಂಗವೂ ಈ ನಾಡಿಗೆ ಹೊರಗಿನಿಂದ ಬಂದ ಅತಿಥಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜವಿನೋದಗಳ ಪೈಕಿ ಅದಕ್ಕೂ ಒಂದು ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನಂತೂ ಪರದೇಶದ ಚದುರಂಗ ಇತಿಹಾಸಕಾರರೂ ಗೌರವದಿಂದ ಎತ್ತುವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ 1868ರಲ್ಲಿ ಕಾಲವಾಗುವವರೆಗೆ ವಿದ್ಯೆ ವಿನೋದಗಳಲ್ಲಿ ಕಾಲ ಕಳೆದ ಈ ದೊರೆಯು ಕುದುರೆಯ ನಡೆಯ ಬಂಧಗಳನ್ನು ಬಹಳವಾಗಿ ರಚಿಸಿದನು. ಒಂದು ಮನೆಗೆ ಎರಡು ಸಲ ಕಾಲಿಡದಂತೆ ಅರುವತ್ತನಾಲ್ಕು ಮನೆಗಳನ್ನೂ ಕುದುರೆಯು ಸುತ್ತಿಬರಬೇಕು. ಅದು ಹೋದ ಕ್ರಮದಲ್ಲಿ ಒಂದರಿಂದ ಅರುವತ್ತನಾಲ್ಕರವರೆಗೆ ಅಂಕೆಗಳನ್ನು ಬರೆದರೆ ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಉದ್ದಸಾಲಿನ ಮೊತ್ತವೂ 260 ಆಗಬೇಕು. ಇಂಥ ಬಂಧವನ್ನು ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಸಂದೇಹಪಡುವವರು ಒಂದು ಸಂಜೆ ಕಾಗದವನ್ನೂ ಸೀಸದಕಡ್ಡಿಯನ್ನೂ ಹಿಡಿದು ಕುಳಿತು ನೋಡಬಹುದು.

ನಮ್ಮ ಇಂದಿನ ವಾದಕ್ಕೆ ಮುಖ್ಯವಾದುದು ಆ ಬಂಧಗಳಿಗಿಂತ, ದೊರೆಯು ಅವುಗಳನ್ನು ಮಾಡಿದ ಬಗೆ. ಅವನು ಅವುಗಳನ್ನು ಅರಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲಿಲ್ಲ. ರೇಷ್ಮೆಯ ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಲೋಕಕ್ಕೆ ಹರಡಿದನು. ವೃತ್ತಪತ್ರವೆಂಬ ವಸ್ತುವು ನಮ್ಮ ಭಾಷೆಯಲ್ಲಿ ಕಣ್ಣು ಬಿಡುತ್ತಿದ್ದ ಕಾಲದಲ್ಲಿಯೇ ಚದುರಂಗವು ಅಚ್ಚಿಸತಕ್ಕ ವಿದ್ಯೆಯೆಂದು ಮೈಸೂರಿನ ಅರಸನಿಗೆ ಹೊಳೆದಿದ್ದಿತು. ದಿನಕ್ಕೆ ಲಕ್ಷಗಟ್ಟಲೆ ಹಾಳೆಗಳನ್ನು ಅಚ್ಚಿಸಬಲ್ಲ ಯಂತ್ರಗಳನ್ನು ಇಟ್ಟುಕೊಂಡವರಿಗೆ ಅದು ಇಂದಿಗೂ ಹೊಳೆಯದಿರುವುದು ಸೋಜಿಗವೇ ಸರಿ.

ಆ ಅರಸನ ನಾಡಿನಲ್ಲಿ ಮೊದಲನೆಯ ಗ್ರಾಂಡ್‌ಮಾಸ್ಟರು ಉದಯಿಸಿದ್ದು ಯಾವಾಗ? 2017ರಲ್ಲಿ, ಮೈಸೂರಿನವರೇ ಆದ ಶ್ರೀ ತೇಜಕುಮಾರರು. ನೆರೆಯ ತಮಿಳುನಾಡಿನ ವಿಶ್ವನಾಥನ್ ಆನಂದರು ಆ ಪದವಿಯನ್ನು ಪಡೆದು ದೇಶಕ್ಕೆ ಮೊದಲಿಗರಾದದ್ದು 1988ರಲ್ಲಿ. ಇಪ್ಪತ್ತೊಂಬತ್ತು ವರ್ಷಗಳ ಅಂತರ! ಆಮೇಲೆ ನಮ್ಮಲ್ಲಿಯೂ ಸ್ಟ್ಯಾನಿ, ಗಿರೀಶ ಕೌಶಿಕ ಮೊದಲಾದವರು ಆ ಪದವಿಗೆ ಏರಿದರು. ಬೆಂಗಳೂರಿನ ಪ್ರಣವ ಆನಂದನು 2022ರಲ್ಲಿ ರುಮೇನಿಯಾದಲ್ಲಿ ಹದಿನಾರು ವರ್ಷದೊಳಗಿನವರ ಜಗತ್ ಸ್ಪರ್ಧೆಯನ್ನು ಗೆದ್ದು ಆ ಸಂದರ್ಭದಲ್ಲಿಯೇ ದೇಶದ 76ನೆಯ ಗ್ರಾಂಡ್‌ಮಾಸ್ಟರನಾದನು. ಸಂತೋಷವೇ. ಆದರೂ ದೇಶದಲ್ಲಿ ಎಂಬತ್ತೈದನ್ನೂ ಮೀರಿರುವ ಗ್ರಾಂಡ್‌ಮಾಸ್ಟರರ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಮಿಳುನಾಡಿನವರು, ನಮ್ಮವರು ಬೆರಳೆಣಿಕೆಯವರು. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ನಗರದ ಒಲಿಂಪಿಯಾಡಿನಲ್ಲಿ ಭಾರತದ ಪುರುಷರೂ ಸ್ತ್ರೀಯರೂ ಏಕಕಾಲದಲ್ಲಿ ಸುವರ್ಣಪದಕವನ್ನು ಪಡೆದ ಮಹಾದಿನದಲ್ಲಿ ಆ ಎರಡು ತಂಡಗಳ ಹತ್ತು ಮಂದಿಯಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ.

ತಮಿಳರ ಮಿದುಳು ಬೇರೆ ಧಾತುವಿನಿಂದ ಆದುದಲ್ಲ. ಅಲ್ಲಿ ನಡೆದ ಕೆಲಸ ಬೇರೆ. ದೇಶದ ಮೊದಲನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಶ್ರೀ ಮ್ಯಾನ್ಯುಯಲ್ ಆರನ್ ಅವರು ತಾವು ಗೆದ್ದದ್ದರಿಂದ ತೃಪ್ತರಾಗದೆ ಲೇಖನಿಯನ್ನು ಹಿಡಿದರು. ವೃತ್ತಪತ್ರಗಳಿಗೆ ಬರೆದರು, 1983ರಲ್ಲಿ ಚೆಸ್ ಮೇಟ್ ಎಂಬ ಪತ್ರಿಕೆಯನ್ನೇ ಹೊರಡಿಸಿದರು. 1972ರಲ್ಲಿ ಮದರಾಸಿನ ಸೋವಿಯತ್ ಸಂಸ್ಕೃತಿ ಕೇಂದ್ರದಲ್ಲಿ ತಾಲ್ ಚದುರಂಗ ಸಂಘವು ಹುಟ್ಟಿತು. ಬಾಲಕ ಆನಂದರು ಆಡಿ ಬೆಳೆದದ್ದು ಅಲ್ಲಿಯೇ. ಪತ್ರಿಕೆಯಲ್ಲಿ ಅಚ್ಚಾದ ಆಟವನ್ನು ಸಂಘದಲ್ಲಿ ಆಡಿ ನೋಡುವುದು, ಸಂಘದಲ್ಲಿ ಆಡಿದ್ದು ಪತ್ರಿಕೆಯಲ್ಲಿ ಅಚ್ಚಾಗುವುದು, ಹೀಗೆ ಎರಡು ಗಾಲಿಗಳ ಮೇಲೆ ಆ ಬಂಡಿಯು ನಡೆಯಿತು. ಪತ್ರಿಕೆಯೊಂದರಿಂದಲೇ ಗ್ರಾಂಡ್‌ಮಾಸ್ಟರರು ಹುಟ್ಟುವರೆಂದು ನಾವು ಹೇಳುವುದಿಲ್ಲ. ಹಣ ಬೇಕು, ಗುರು ಬೇಕು, ಸರಕಾರದ ಕೈ ಬೇಕು. ಆದರೆ ಒಂಟಿ ಗಾಲಿಯ ಬಂಡಿಯನ್ನು ಯಾರು ಎಳೆಯಬಲ್ಲರು?

ಆನಂದರ ಬಾಲ್ಯದ ಒಂದು ಸಂಗತಿಯು ಇಲ್ಲಿ ಉಲ್ಲೇಖಾರ್ಹವಾಗಿದೆ. ತಂದೆಯವರ ಉದ್ಯೋಗದ ನಿಮಿತ್ತ ಆ ಕುಟುಂಬವು ಕೆಲಕಾಲ ಫಿಲಿಪ್ಪೀನ್ ದೇಶದಲ್ಲಿದ್ದಿತು. 1978ರಲ್ಲಿ ಕಾರ್ಪೋವ್ ಕೊರ್ಚ್ನಾಯ್ ಇವರ ಜಗತ್ ಪಂದ್ಯವು ಆ ದೇಶದ ಬಾಗಿಯೋ ಪಟ್ಟಣದಲ್ಲಿ ನಡೆದ ಮೇಲೆ ಅಲ್ಲಿ ಚದುರಂಗದ ಗಾಳಿಯೇ ಬೀಸಿದ್ದಿತು. ದೂರದರ್ಶನದಲ್ಲಿ ಮಧ್ಯಾಹ್ನದ ಹೊತ್ತು ಆಟಗಳನ್ನು ತೋರಿಸಿ, ಕೊನೆಗೆ ಒಂದು ಸಮಸ್ಯೆಯನ್ನು ಕೊಟ್ಟು, ಬಿಡಿಸಿ ಕಳುಹಿಸಿದವರಿಗೆ ಪುಸ್ತಕವನ್ನು ಬಹುಮಾನ ಕೊಡುತ್ತಿದ್ದರು. ಹುಡುಗನು ಆ ಹೊತ್ತಿನಲ್ಲಿ ಶಾಲೆಯಲ್ಲಿರುತ್ತಿದ್ದುದರಿಂದ ತಾಯಿಯವರು ಸಮಸ್ಯೆಯನ್ನು ಬರೆದಿಟ್ಟುಕೊಳ್ಳುವರು; ಸಂಜೆ ತಾಯಿಮಗ ಇಬ್ಬರೂ ಕುಳಿತು ಬಿಡಿಸುವರು. ಬಹುಮಾನವು ಮತ್ತೆ ಮತ್ತೆ ಇವನ ಪಾಲಿಗೇ ಬರುತ್ತಿದ್ದುದನ್ನು ಕಂಡು ಕಾರ್ಯಕ್ರಮದವರು, ನಿನಗೆ ಬೇಕಾದಷ್ಟು ಪುಸ್ತಕಗಳನ್ನು ಒಂದೇ ಸಲ ತೆಗೆದುಕೊಂಡು ಹೋಗು, ಇನ್ನು ಉತ್ತರ ಕಳುಹಿಸಬೇಡ ಎಂದರಂತೆ. ಮುಂದೆ ಐದು ಸಲ ಜಗಜ್ಜೇತನಾದವನಿಗೆ ದೊರೆತ ಈ ಸಹಾಯವು ಎಷ್ಟು ಅಲ್ಪವೆಂಬುದನ್ನು ವಾಚಕರು ಗಮನಿಸಬೇಕು: ದಿನಕ್ಕೊಂದು ಸಮಸ್ಯೆ. ಅದನ್ನು ಕೊಡಲಾರದಷ್ಟು ಬಡತನವು ಯಾವ ಪತ್ರಿಕೆಗೆ ಬಂದಿದೆ?

ಇದಕ್ಕೆ ನಮ್ಮ ವೃತ್ತಿಬಾಂಧವರು ಹೇಳುವ ಸಮಾಧಾನಗಳನ್ನು ಕೇಳಿದ್ದೇವೆ. ಚದುರಂಗದಲ್ಲಿ ಓಟವಿಲ್ಲ, ಹಾರಾಟವಿಲ್ಲ, ಇಬ್ಬರು ತಲೆಗೆ ಕೈ ಹೊತ್ತು ಕುಳಿತಿರುವ ಚಿತ್ರವನ್ನು ಎಷ್ಟು ಸಲ ಅಚ್ಚಿಸುವುದು ಎನ್ನುವರು. ಅದು ಕ್ರೀಡೆಯೇ ಹೌದೋ ಅಲ್ಲವೋ ಎಂದು ತಕರಾರು ತೆಗೆಯುವವರೂ ಇರುವರು. ಜಾಗತಿಕ ಒಲಿಂಪಿಕ್ ಸಮಿತಿಯು 1999ರಲ್ಲಿಯೇ ಚದುರಂಗದ ಜಾಗತಿಕ ಸಂಸ್ಥೆಯನ್ನು ಮಾನ್ಯ ಮಾಡಿರುವುದರಿಂದಲೂ, ನಮ್ಮ ದೇಶದ ಅತ್ಯುಚ್ಚ ಕ್ರೀಡಾಪುರಸ್ಕಾರವಾದ ಖೇಲ್ ರತ್ನವನ್ನು ಮೊತ್ತಮೊದಲು ಪಡೆದವರು ಆನಂದರೇ ಆಗಿರುವುದರಿಂದಲೂ ಆ ತಕರಾರಿಗೆ ನಾವು ಉತ್ತರ ಹೇಳುವ ಕಷ್ಟವನ್ನು ತೆಗೆದುಕೊಳ್ಳುವುದಿಲ್ಲ. ಚಿತ್ರಗಳ ಮಾತಂತೂ ಬೇಡ. ಜಾಹೀರಾತುಗಳಲ್ಲಿಯೂ ವಿಶೇಷ ಲೇಖನಗಳ ನೆತ್ತಿಯ ಮೇಲೂ ಬರುವ ಚದುರಂಗದ ಚಿತ್ರಗಳನ್ನು ಕೊಂಚ ನೋಡಿರಿ. ಆಟಗಾರನ ಬಲಗೈಯ ಮೂಲೆಯ ಮನೆಯು ಬಿಳಿಯದಾಗಿರಬೇಕೆಂಬುದು ಮೊದಲನೆಯ ಪಾಠ. ಅಲ್ಲಿ ಕಪ್ಪು ಮನೆಯಿರುವ ಫಲಕಗಳು ಎಷ್ಟೋ! ಹನ್ನೆರಡು ಮಂದಿ ಆಡುತ್ತಿರುವ ಕ್ರಿಕೆಟ್ ತಂಡದ ಚಿತ್ರವು ಅಚ್ಚಾದರೆ ಮರುದಿನ ಕಚೇರಿಯ ಮುಂದೆ ಜನ ಸೇರುವರು. ಇದಕ್ಕೆ ಒಂದು ಕಾಗದವೂ ಬರುವುದಿಲ್ಲ.

ಹಿಂದಿನ ಕಾಲದಲ್ಲಿ ಒಂದು ನಿಜವಾದ ತೊಡಕಿದ್ದಿತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಸೀಸದ ಅಚ್ಚುಮೊಳೆಗಳ ದಿನಗಳಲ್ಲಿ ಒಂದು ಫಲಕವನ್ನು ಜೋಡಿಸಲು ಬೇರೆಯೇ ಮೊಳೆಗಳು ಬೇಕಾಗುತ್ತಿದ್ದವು. ಆರು ಬಗೆಯ ಕಾಯಿಗಳು, ಎರಡು ಬಣ್ಣ, ಪ್ರತಿಯೊಂದೂ ಬಿಳಿಯ ಮನೆಯಲ್ಲಿ ನಿಂತಾಗ ಒಂದು, ಕಪ್ಪು ಮನೆಯಲ್ಲಿ ನಿಂತಾಗ ಇನ್ನೊಂದು. ಬರಿಯ ಮನೆಗಳೆರಡನ್ನೂ ಸೇರಿಸಿದರೆ ಇಪ್ಪತ್ತಾರು. ಒತ್ತಕ್ಷರ, ಕೊಂಬು, ದೀರ್ಘಗಳಿಂದ ಮೊದಲೇ ತುಂಬಿ ತುಳುಕುತ್ತಿದ್ದ ಕನ್ನಡದ ಮೊಳೆಪೆಟ್ಟಿಗೆಗೆ ಈ ಇಪ್ಪತ್ತಾರನ್ನು ಸೇರಿಸೆಂದರೆ ಜೋಡಣೆಗಾರನು ಕೆಲಸ ಬಿಟ್ಟು ಹೋಗುತ್ತಿದ್ದನೇನೋ! ಇಂದು ಆ ತೊಡಕು ಎಲ್ಲಿದೆ? ಗಣಕಯಂತ್ರದ ಸಾಮಾನ್ಯ ಅಕ್ಷರಮಾಲೆಯಲ್ಲಿಯೇ ಚದುರಂಗದ ಹನ್ನೆರಡು ಕಾಯಿಗಳ ಚಿಹ್ನೆಗಳೂ ಸೇರಿವೆ. ಐದು ನಿಮಿಷದಲ್ಲಿ ಫಲಕವು ಸಿದ್ಧ. ಖರ್ಚು ಕಾಸೂ ಇಲ್ಲ.

ಇನ್ನು ಭಾಷೆಯ ಪ್ರಶ್ನೆ. ನಡೆಗಳನ್ನು ಬರೆಯುವ ಕ್ರಮವು ಇಂಗ್ಲಿಷಿನದು, ಕನ್ನಡದ ಪುಟದಲ್ಲಿ ಅದು ಹೊಂದುವುದಿಲ್ಲವೆಂಬ ಆಕ್ಷೇಪವುಂಟು. ಜಾಗತಿಕ ಸಂಸ್ಥೆಯ ನಿಯಮಗಳನ್ನು ಓದಿದವರು ಹೀಗೆ ಹೇಳಲಾರರು. ಆಟಗಾರನು ತನ್ನ ನಾಡಿನಲ್ಲಿ ಬಳಕೆಯಲ್ಲಿರುವ ಕಾಯಿಯ ಹೆಸರಿನ ಮೊದಲಕ್ಷರದಿಂದಲೇ ನಡೆಯನ್ನು ಬರೆದುಕೊಳ್ಳಬಹುದೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಜರ್ಮನರೂ ರಷ್ಯರೂ ಹಾಗೆಯೇ ಬರೆಯುವರು. ರಾಜನಿಗೆ ರಾ, ಮಂತ್ರಿಗೆ ಮಂ, ಆನೆಗೆ ಆ, ಒಂಟೆಗೆ ಒಂ, ಕುದುರೆಗೆ ಕು. ಕಾಲಾಳಿಗೆ ಯಾವ ಭಾಷೆಯಲ್ಲಿಯೂ ಅಕ್ಷರ ಬೇಕಿಲ್ಲ, ಮನೆಯ ಹೆಸರೊಂದೇ ಸಾಕು. ಉದ್ದಸಾಲುಗಳಿಗೆ ಎ ಯಿಂದ ಎಚ್ ವರೆಗಿನ ಹೆಸರುಗಳು ಲೋಕಕ್ಕೆಲ್ಲ ಒಂದೇ ಆಗಿರುವುದರಿಂದ ಅವುಗಳನ್ನು ಹಾಗೆಯೇ ಇಟ್ಟುಕೊಳ್ಳುವುದು ಲೇಸು. ಅಲ್ಲಿ ಸ್ವದೇಶಿಯ ಹಟವು ಮಕ್ಕಳಿಗೆ ತೊಡಕನ್ನೇ ತರುವುದು. ಮಂತ್ರಿಯೋ ರಾಣಿಯೋ ಎಂಬ ಚರ್ಚೆಯೂ ಈಚೆಗೆ ಎದ್ದಿದೆ. ಇಂಗ್ಲಿಷ್ ಶಾಲೆಯ ಮಕ್ಕಳು ರಾಣಿಯೆನ್ನುವರು. ಮನೆಯಲ್ಲಿ ಅಜ್ಜನು ಮಂತ್ರಿಯೆನ್ನುವನು. ಪಾರಸಿಯಲ್ಲಿಯೂ ಆ ಕಾಯಿ ಮಂತ್ರಿಯೇ. ಅದನ್ನು ರಾಣಿಯಾಗಿ ಮಾಡಿದವರು ಯೂರೋಪಿನವರು. ನಮ್ಮ ಒಲವು ಅಜ್ಜನ ಕಡೆಗೆ.

ಇದೆಲ್ಲವೂ ಈಗ ಕೈಫೋನಿನಲ್ಲಿಯೇ ದೊರೆಯುವಾಗ ಪತ್ರಿಕೆಯೇಕೆ ಎಂದು ಕೇಳುವವರಿಗೆ ಮಾತ್ರ ನಾವು ನಿಂತು ಉತ್ತರ ಕೊಡಬೇಕು. ಏಕೆಂದರೆ ಆ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಕೆಂಗೇರಿಯ ಮೆಟ್ರೋ ರೈಲಿನಲ್ಲಿ ಕುಳಿತು ಅಂಗೈಯ ಫಲಕದ ಮೇಲೆ ಕಾಣದ ಎದುರಾಳಿಯೊಡನೆ ಮೂರು ನಿಮಿಷದ ಆಟವನ್ನು ಆಡುತ್ತಿರುವ ತರುಣರನ್ನು ನಾವೂ ಕಂಡಿದ್ದೇವೆ. ಲಕ್ಷಾವಧಿ ಆಟಗಳು ಅಲ್ಲಿ ಇವೆ. ಪ್ರತಿಯೊಂದು ನಡೆಗೂ ಯಂತ್ರವು ತೂಕ ಹಾಕಿ, ಇವನು ಮೇಲು, ಅವನು ಕೀಳು ಎಂದು ಅಂಕೆಯಲ್ಲಿ ತೋರಿಸುವುದು. ಆದರೆ ಏಕೆ ಮೇಲು, ಏಕೆ ಕೀಳು ಎಂಬುದನ್ನು ಆ ಅಂಕೆಯು ಹೇಳುವುದಿಲ್ಲ. ಸಿಂಗಪುರದ ಆ 55ನೆಯ ನಡೆಯು ಬಿದ್ದೊಡನೆ ಯಂತ್ರದ ಮುಳ್ಳು ಒಂದು ಪಕ್ಕಕ್ಕೆ ವಾಲಿತೆಂಬುದನ್ನು ಕೋಟ್ಯಂತರ ಜನ ನೋಡಿದರು. ಮೂಲೆಯ ಒಂಟೆಗೆ ಓಣಿ ಒಂದೇ ಎಂಬುದನ್ನು ಮಾತಿನಲ್ಲಿ ಬಿಡಿಸಿ ಹೇಳಲು ಮನುಷ್ಯನೇ ಬೇಕಾಯಿತು. ಹಾಗೆ ಬಿಡಿಸಿ ಹೇಳತಕ್ಕವರು ಇಂಗ್ಲಿಷಿನಲ್ಲಿ ಹೇಳುವರು, ಹಿಂದಿಯಲ್ಲಿ ಹೇಳುವರು. ಸರಕಾರದ ಕನ್ನಡ ಶಾಲೆಯಲ್ಲಿ ಓದುವ ಹುಡುಗಿಗೆ ಅದನ್ನು ಅವಳ ಮಾತಿನಲ್ಲಿ ಯಾರು ಹೇಳುವರು?

ನಮ್ಮ ಊರಿನ ಈ ಪಶ್ಚಿಮದ ಬಡಾವಣೆಗಳನ್ನೇ ತೆಗೆ‌ದುಕೊಳ್ಳೋಣ. 1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರವು ಕಾರ್ಖಾನೆಯ ಕೆಲಸಗಾರರ, ಗುಮಾಸ್ತರ, ಚಿಕ್ಕ ವ್ಯಾಪಾರಿಗಳ ಊರಾಗಿ ಬೆಳೆಯಿತು. ವಿಜಯನಗರ ಬಸವೇಶ್ವರನಗರಗಳೂ ಅದರ ಒಡಹುಟ್ಟಿದವೇ. ಇಲ್ಲಿ ಭಾನುವಾರ ಬಂದರೆ ಶಾಲೆಯ ಸಭಾಂಗಣಗಳಲ್ಲಿಯೂ ಕಲ್ಯಾಣಮಂಟಪಗಳಲ್ಲಿಯೂ ಮಕ್ಕಳ ಸ್ಪರ್ಧೆಗಳು ನಡೆಯುವುದನ್ನು ವಾಚಕರು ಕಂಡಿರಬಹುದು. ಸಾಲಾಗಿ ಮೇಜುಗಳು, ಹೊರಗೆ ಬುತ್ತಿಯನ್ನು ಹಿಡಿದು ಕಾಯುವ ತಾಯಂದಿರು. ಗುರುವಿಗೆ ತಿಂಗಳು ತಿಂಗಳು ತೆರಬೇಕಾದ ಹಣ, ಸ್ಪರ್ಧೆಯ ಪ್ರವೇಶಧನ, ಪರಸ್ಥಳಗಳಿಗೆ ಹೋಗಿಬರುವ ಖರ್ಚು, ಇವುಗಳನ್ನು ಲೆಕ್ಕ ಹಾಕಿ ಎಷ್ಟೋ ಮನೆಗಳಲ್ಲಿ ಹತ್ತನೆಯ ವಯಸ್ಸಿಗೇ ಹುಡುಗನ ಫಲಕವನ್ನು ಮಡಿಚಿ ಅಟ್ಟದ ಮೇಲೆ ಇಡುವರು.

ಕೆಲವು ತಿಂಗಳ ಹಿಂದೆ ಇಂಥ ಒಬ್ಬ ತಂದೆ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಹುಡುಗನು ಹಿಂದಿನ ದಿನದ ಸ್ಪರ್ಧೆಯಲ್ಲಿ ಮೂರನೆಯವನಾಗಿದ್ದನು. ತಂದೆಯ ಕೈಯಲ್ಲಿ ಬಟ್ಟಲಿನೊಡನೆ ತೆಗೆಸಿದ ಭಾವಚಿತ್ರ, ಅಚ್ಚಿಸಬೇಕೆಂಬ ಬಿನ್ನಹ. ಆಡಿದ ಆಟ ಎಲ್ಲಿ ಎಂದು ನಾವು ಕೇಳಲಾಗಿ ತಂದೆಗೆ ಪ್ರಶ್ನೆಯೇ ತಿಳಿಯಲಿಲ್ಲ. ಹುಡುಗನು ಮಾತ್ರ ಚಣ್ಣದ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಚೀಟಿಯನ್ನು ತೆಗೆದನು. ನಡೆಗಳನ್ನು ಬರೆದುಕೊಂಡಿದ್ದ ಚೀಟಿ. ಮೂರನೆಯ ಸುತ್ತಿನಲ್ಲಿ ಅವನು ತನ್ನ ಆನೆಯನ್ನು ಕೊಟ್ಟು ಬರಿಯ ಕುದುರೆಯನ್ನು ತೆಗೆದುಕೊಂಡಿದ್ದನು. ಏಕೆ ಹಾಗೆ ಮಾಡಿದೆಯೆಂದರೆ, ಆ ಕುದುರೆಯೊಂದೇ ಅವರ ರಾಜನನ್ನು ಕಾಯುತ್ತಿತ್ತು, ಎಂದನು. ನಾವು ಚದುರಂಗದಲ್ಲಿ ಪಂಡಿತರಲ್ಲ. ಆದರೂ ಆ ಮಾತಿನಲ್ಲಿದ್ದ ವಿವೇಕವು ತಿಳಿಯದಷ್ಟು ಮಂದರೂ ಅಲ್ಲ. ಉಳಿದವರ ಚೀಟಿಗಳು ಏನಾದವೆಂದು ಕೇಳಿದೆವು. ಸಂಜೆ ಕಸ ಗುಡಿಸುವವರು ಗುಡಿಸಿಬಿಟ್ಟರು ಎಂದನು. ವಾರವಾರವೂ ಈ ನಗರದ ಸಭಾಂಗಣಗಳಿಂದ ಗುಡಿಸಿಹೋಗುತ್ತಿರುವ ಆ ಕಸದಲ್ಲಿ ಏನೇನು ಇತ್ತೋ!

ಆದುದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಅರಿಕೆ. ರಾಜ್ಯದ ಚದುರಂಗ ಸಂಸ್ಥೆಯವರೂ ಜಿಲ್ಲೆಗಳ ಸಂಸ್ಥೆಗಳವರೂ ಸ್ಪರ್ಧೆಯ ಫಲಿತಾಂಶವನ್ನು ಪತ್ರಿಕೆಗಳಿಗೆ ಕಳುಹಿಸುವಾಗ ಉದ್ಘಾಟಕರ ಹೆಸರುಗಳ ಪಟ್ಟಿಯನ್ನು ಕೊಂಚ ಮೊಟಕು ಮಾಡಿ, ಒಂದೇ ಒಂದು ಆಟದ ನಡೆಗಳನ್ನು ಜೊತೆಗಿಡಬೇಕು. ದೊಡ್ಡ ಸ್ಪರ್ಧೆಗಳ ಮುಂದಿನ ಮೇಜುಗಳಲ್ಲಿ ನಡೆಗಳು ತಾವಾಗಿಯೇ ಯಂತ್ರದಲ್ಲಿ ದಾಖಲಾಗುವುದರಿಂದ ಇದು ಗುಂಡಿಯೊತ್ತುವಷ್ಟೇ ಕೆಲಸ. ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಾಚಕರು ಬಹುಮಂದಿಯಿದ್ದಾರೆ. ಶಾಲೆಯ ಪುಸ್ತಕಭಂಡಾರಕ್ಕೆ ಚದುರಂಗದ ಒಂದು ಕನ್ನಡ ಪಾಠಪುಸ್ತಕವನ್ನೂ ಎರಡು ಫಲಕಗಳನ್ನೂ ಸೇರಿಸುವುದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲವೆಂಬುದು ಅವರಿಗೇ ಚೆನ್ನಾಗಿ ಗೊತ್ತು. ಕ್ರೀಡಾಪತ್ರಿಕೆಗಳನ್ನು ನಡೆಸುವ ಮಹನೀಯರನ್ನು ನಾವು ಕೇಳುವುದು ಪುಟವನ್ನಲ್ಲ. ಪುಟದ ಕಾಲುಭಾಗವನ್ನು, ಪ್ರತಿ ಸಂಚಿಕೆಯಲ್ಲಿಯೂ, ಜಗಜ್ಜೇತರು ಹುಟ್ಟದ ವಾರಗಳಲ್ಲಿಯೂ.

ಪರೋಪದೇಶಕ್ಕೆ ನಿಂತವರು ಕೈಯಲ್ಲಿ ಏನಾದರೂ ಹಿಡಿದಿರಬೇಕಷ್ಟೆ. ಬರುವ ತಿಂಗಳಿನಿಂದ ನಮ್ಮ ಪತ್ರಿಕೆಯ ಶನಿವಾರದ ಸಂಚಿಕೆಯಲ್ಲಿ ಒಂದು ಫಲಕವೂ, ಒಂದು ಸಮಸ್ಯೆಯೂ, ಈ ನಗರದ ಮಕ್ಕಳು ಆಡಿದ ಒಂದು ಆಟವೂ ಕನ್ನಡದ ವಿವರಣೆಯೊಡನೆ ಅಚ್ಚಾಗುವುವು. ಮೊದಲನೆಯ ವಾರದ್ದು ಮೇಲೆ ಹೇಳಿದ ಹುಡುಗನ ಚೀಟಿ. ಮುಂದಿನವುಗಳನ್ನು ಕಳುಹಿಸತಕ್ಕವರು ಬುಧವಾರ ಸಂಜೆಯೊಳಗಾಗಿ ಕಚೇರಿಗೆ ತಲುಪುವಂತೆ ಕಳುಹಿಸಬೇಕು. ಅಕ್ಷರ ಸ್ಪಷ್ಟವಾಗಿರಲಿ, ಇಬ್ಬರು ಆಟಗಾರರ ಹೆಸರೂ ಶಾಲೆಯೂ ಇರಲಿ. ಭಾವಚಿತ್ರ ಬೇಕಾದುದಿಲ್ಲ. ಸೋತ ಆಟವಾದರೂ ಆಗಬಹುದು.